ಕಳೆದುಕೊಂಡದ್ದನ್ನು ಮನೆಯಲ್ಲಿ ಹೇಳಲಾಗದಿದ್ದರೆ

(ಬಳ್ಳಾರಿಯಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಆನ್‌ಲೈನ್ ಖರೀದಿ ಮತ್ತು ಬ್ಯಾಂಕ್ ವ್ಯವಹಾರಗಳ ಸುರಕ್ಷತೆಯ ಕುರಿತು ಮಾತನಾಡಬೇಕೆಂದು ನಮ್ಮನ್ನು ಇಲ್ಲಿಗೆ ಕರೆಯಲಾಗಿದೆ. ಇಂತಹ ವಿಷಯಕ್ಕೆ ಕಂಪ್ಯೂಟರ್ ಬಲ್ಲ ಯುವಕರನ್ನು ಕರೆಯುವುದು ವಾಡಿಕೆ. ನಾವು ಆ ವಿದ್ಯೆಯಲ್ಲಿ ಪರಿಣತರಲ್ಲ. ಆದರೆ ಹಣ ಹೋದ ಮೇಲೆ ದೂರಿನ ಅರ್ಜಿ ಬರೆದುಕೊಡಲು, ಬ್ಯಾಂಕಿಗೆ ಅಥವಾ ಠಾಣೆಗೆ ಜೊತೆಯಲ್ಲಿ ಹೋಗಲು ಈ ಊರಿನ ಹಲವು ಮನೆಯವರು ನಮ್ಮನ್ನು ಕರೆದದ್ದುಂಟು. ಆ ಓಡಾಟದಲ್ಲಿ ನಮಗೆ ಮನವರಿಕೆಯಾದ ಒಂದು ಸಂಗತಿಯಿದೆ. ಹಣ ಹೋಗುವುದು ಮೊಬೈಲಿನ ಮೂಲಕ. ಆದರೆ ಅದು ಹಿಂದಿರುಗದಂತಾಗುವುದು ಬಹುಪಾಲು ಮನೆಯೊಳಗಿನ ಮೌನದಿಂದ. ಇಂದಿನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ನಮಗೆ ಪರಿಚಯದ ಒಂದು ಮನೆಯ ಕಥೆಯಿಂದ ಆರಂಭಿಸೋಣ. ಹೆಸರು, ಓಣಿ ಯಾವುದೂ ಬೇಡ. ಆ ಮನೆಯ ಖಾಲಾ ಜೀನ್ಸ್ ಘಟಕದಿಂದ ಪ್ಯಾಂಟುಗಳನ್ನು ಮನೆಗೆ ತಂದು ದಾರ ಕತ್ತರಿಸಿ, ಗುಂಡಿ ಹಾಕಿ ಕೊಡುವವರು. ಪೀಸಿಗೆ ಇಷ್ಟು ಎಂಬ ಲೆಕ್ಕದ ಕೂಲಿ. ಬಳ್ಳಾರಿಯ ಜೀನ್ಸ್ ದೇಶದ ಎಲ್ಲೆಡೆ ಮಾರಾಟವಾಗುತ್ತದೆ, ಅದರ ಹಿಂದೆ ಇಂತಹ ಎಷ್ಟು ಬೆರಳುಗಳಿವೆ ಎಂಬುದನ್ನು ಇಲ್ಲಿ ಕುಳಿತವರಿಗೆ ನಾವು ಹೇಳಬೇಕಾಗಿಲ್ಲ. ಮಗಳ ಕಾಲೇಜು ಶುಲ್ಕಕ್ಕೆಂದು ಅವರು ಮೂವತ್ತೆಂಟು ಸಾವಿರ ರೂಪಾಯಿ ಕೂಡಿಟ್ಟಿದ್ದರು. ಈದ್ ಹಬ್ಬಕ್ಕೆ ಮಗಳಿಗೆ 649 ರೂಪಾಯಿಯ ಒಂದು ಕುರ್ತಿಯನ್ನು ಆನ್‌ಲೈನ್‌ನಲ್ಲಿ ತರಿಸಿದರು. ಬಂದದ್ದು ಬೇರೆ ಅಳತೆಯದು. ಹಿಂದಿರುಗಿಸಲು ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೆ ಕರೆ ಮಾಡಿದರು. ಆ ಕಡೆಯಿಂದ ಬಹಳ ವಿನಯದ ಹಿಂದಿ ಮಾತು. ‘ಅಮ್ಮಾ, ಹಣ ಈಗಲೇ ವಾಪಸು ಹಾಕುತ್ತೇವೆ, ಈ ಒಂದು ಆ್ಯಪ್ ಹಾಕಿಕೊಳ್ಳಿ’ ಎಂದರು. ಅದು ಮೊಬೈಲಿನ ಪರದೆಯನ್ನು ದೂರದಲ್ಲಿ ಕುಳಿತವನಿಗೆ ತೋರಿಸುವ ಆ್ಯಪ್. ಖಾಲಾ ಪಿನ್ ಒತ್ತಿದ್ದನ್ನು ಅವನು ನೋಡಿಕೊಂಡ. ಅಂದು ಸಂಜೆ ಐದು ಸಾವಿರ ಹೋಯಿತು. ಮರುದಿನ ಹದಿನೆಂಟು ಸಾವಿರ. ಮೂರನೆಯ ದಿನ ಉಳಿದ ಹದಿನೈದು ಸಾವಿರ.

ಖಾಲಾ ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಶುಲ್ಕ ಕಟ್ಟುವ ದಿನ ಬಂದಾಗ ವಿಷಯ ಹೊರಬಿತ್ತು. ಏಕೆ ಹೇಳಲಿಲ್ಲವೆಂದು ಕೇಳಿದಾಗ ಅವರು ಕೊಟ್ಟ ಉತ್ತರ ಇಂದಿಗೂ ನಮ್ಮ ಕಿವಿಯಲ್ಲಿದೆ: ‘ಹೇಳಿದ್ದರೆ ನನ್ನ ಕೈಯಿಂದ ಮೊಬೈಲು ಹೋಗುತ್ತಿತ್ತು, ಮಗಳ ಕೈಯಿಂದಲೂ ಹೋಗುತ್ತಿತ್ತು.’

ಮೊದಲ ಸಂಜೆಯೇ ಹೇಳಿದ್ದರೆ ಏನಾಗುತ್ತಿತ್ತು? ಇಲ್ಲಿ ಸ್ವಲ್ಪ ನಿಯಮದ ಮಾತು ಬೇಕು. ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕನ ಅನುಮತಿಯಿಲ್ಲದೆ ಖಾತೆಯಿಂದ ಹಣ ಹೋದರೆ ನಷ್ಟವನ್ನು ಯಾರು ಹೊರಬೇಕು ಎಂಬುದನ್ನು ಅದು ನಿರ್ಧರಿಸಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕನ ಮೇಲೆ ಯಾವ ಹೊಣೆಯೂ ಇಲ್ಲ, ಅವನು ದೂರು ಕೊಟ್ಟಿರಲಿ, ಬಿಡಲಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವಿನ ವ್ಯವಸ್ಥೆಯಲ್ಲೆಲ್ಲೋ ಸೋರಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ನಷ್ಟವಿಲ್ಲ. ನಾಲ್ಕರಿಂದ ಏಳು ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ ಹತ್ತು ಸಾವಿರ, ಬೇಸಿಕ್ ಉಳಿತಾಯ ಖಾತೆಯವರು ಐದು ಸಾವಿರ ರೂಪಾಯಿಯ ನಷ್ಟ ಹೊರಬೇಕು. ಏಳು ದಿನ ಮೀರಿದರೆ ಆಯಾ ಬ್ಯಾಂಕಿನ ಧೋರಣೆಯಂತೆ. ತಪ್ಪು ಗ್ರಾಹಕನದೇ ಎಂದು ರುಜುವಾತುಪಡಿಸುವ ಹೊಣೆಯನ್ನೂ ಆ ಸುತ್ತೋಲೆ ಬ್ಯಾಂಕಿನ ಮೇಲೆಯೇ ಹೊರಿಸಿತು.

ಹಾಗಾದರೆ ಪಿನ್ ತೋರಿಸಿದ ಖಾಲಾರ ಗತಿ? ಅವರದು ಅಜಾಗರೂಕತೆಯೆಂದೇ ಬ್ಯಾಂಕು ವಾದಿಸುತ್ತದೆ. ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ಓದಿ ಹೇಳುವುದಿಲ್ಲ. ಅಜಾಗರೂಕತೆ ಗ್ರಾಹಕನದೇ ಆಗಿದ್ದರೂ ಅವನು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಮಾತ್ರ ಅವನದು. ತಿಳಿಸಿದ ನಂತರ ಹೋದ ಹಣದ ನಷ್ಟ ಬ್ಯಾಂಕಿನದು. ಮೊದಲ ಸಂಜೆ ಖಾಲಾ ಬಾಯಿ ಬಿಟ್ಟಿದ್ದರೆ ಹೋಗುತ್ತಿದ್ದುದು ಐದು ಸಾವಿರ. ಮೂವತ್ಮೂರು ಸಾವಿರ ರೂಪಾಯಿ ಹೋದುದು ಭಯದಿಂದ. ಇಂತಹ ನಿಯಮಗಳು ಆಗಾಗ ಪರಿಷ್ಕರಣೆಗೊಳ್ಳುತ್ತವೆ, ಆದುದರಿಂದ ನಿಮ್ಮ ಶಾಖೆಯಲ್ಲಿ ಇಂದಿನ ನಿಯಮವನ್ನು ಲಿಖಿತವಾಗಿಯೇ ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ. ಗ್ರಾಮೀಣ ಬ್ಯಾಂಕಿನ ಕಾರ್ಯ ನಮ್ಮೂರಿಗೆ ಹೊಸತಲ್ಲ. ತುಂಗಭದ್ರಾ ಗ್ರಾಮೀಣ ಬ್ಯಾಂಕು ಇಲ್ಲಿ ಹುಟ್ಟಿದ್ದು 1976ರಲ್ಲಿ. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಎಂದಾದಾಗ ಅದರ ಕೇಂದ್ರ ಕಚೇರಿಯೂ ಬಳ್ಳಾರಿಯಲ್ಲೇ ಉಳಿಯಿತು. ಅಷ್ಟು ದೊಡ್ಡ ಕಚೇರಿಯಿರುವ ಊರಿನಲ್ಲಿ ಖಾತೆದಾರರಿಗೆ ತಮ್ಮ ಹಕ್ಕು ಗೊತ್ತಿಲ್ಲದಿರುವುದು ವಿಪರ್ಯಾಸವೇ ಸರಿ.

ನಮ್ಮ ಮನೆಗಳಲ್ಲಿ ಇನ್ನೊಂದು ಮಾತು ಚಾಲ್ತಿಯಲ್ಲಿದೆ. ‘ಓದು ಬರಹ ಬಾರದವರು, ಆಸೆಬುರುಕರು ಮೋಸಹೋಗುತ್ತಾರೆ, ಎಚ್ಚರವಿರುವವರಿಗೆ ಏನೂ ಆಗದು’ ಎಂದು. ಇದು ಸುಳ್ಳು. 2025ರ ಜನವರಿಯಲ್ಲಿ ಹೊಸಪೇಟೆಯಲ್ಲಿ ಕೇಂದ್ರ ಕಚೇರಿಯಿರುವ ಬಳ್ಳಾರಿ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. ಗ್ರಾಹಕರು ಬೇರೆ ಖಾತೆಗಳಿಗೆ ಕಳುಹಿಸಿದ ಹಣದ ವಿವರಗಳನ್ನು ನಡುದಾರಿಯಲ್ಲಿ ತಿದ್ದಿ, ಖಾತೆ ಸಂಖ್ಯೆಗಳನ್ನು ಬದಲಾಯಿಸಿ, 2.34 ಕೋಟಿ ರೂಪಾಯಿಯನ್ನು ಕಳ್ಳರು ತಮ್ಮ ಖಾತೆಗಳಿಗೆ ತಿರುಗಿಸಿಕೊಂಡರು. ಆ ಗ್ರಾಹಕರಲ್ಲಿ ಯಾರೂ ಒ.ಟಿ.ಪಿ. ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ.

ಅದಕ್ಕೂ ಮೊದಲು 2023ರಲ್ಲಿ ರಾಜ್ಯದ ಹಲವೆಡೆ ಜನರ ಖಾತೆಗಳಿಂದ ಹತ್ತು ಸಾವಿರದ ಒಳಗಿನ ಮೊತ್ತಗಳು ಮಾಯವಾಗತೊಡಗಿದವು. ವಿಚಾರಿಸಿದಾಗ ತಿಳಿದು ಬಂದುದೇನು? ಜಮೀನು, ಮನೆ ನೋಂದಣಿ ಮಾಡಿಸಿದವರ ಕ್ರಯಪತ್ರಗಳು ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿದ್ದವು. ಆ ಪತ್ರಗಳಲ್ಲಿ ಹೆಬ್ಬೆರಳ ಗುರುತೂ ಇತ್ತು, ಆಧಾರ್ ಸಂಖ್ಯೆಯೂ ಇತ್ತು. ಆ ಗುರುತಿನ ಅಚ್ಚು ತೆಗೆದು, ಆಧಾರ್ ಮೂಲಕ ಹಣ ಪಡೆಯುವ ಯಂತ್ರದ ಮೇಲಿಟ್ಟರೆ ಸಾಕು. ಆ ಪದ್ಧತಿಯಲ್ಲಿ ಪಿನ್ ಬೇಡ, ಒ.ಟಿ.ಪಿ. ಬೇಡ, ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು ಇಷ್ಟೇ ಬೇಕು. ಸ್ಮಾರ್ಟ್‌ಫೋನನ್ನೇ ಮುಟ್ಟದ ಹಿರಿಯರೂ ಹಣ ಕಳೆದುಕೊಳ್ಳಬಹುದಾದ ದಾರಿ ಇದು. ನಂತರ ಇಲಾಖೆ ಆ ಗುರುತುಗಳನ್ನು ಮರೆಮಾಚಿತು. ಆದರೆ ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸಲು ಸಾಧ್ಯವೇ? ಇದಕ್ಕೆ ಇರುವ ಉಪಾಯವೆಂದರೆ ಎಂ-ಆಧಾರ್ ಆ್ಯಪಿನಲ್ಲಿ ಬೆರಳ ಗುರುತಿಗೆ ಬೀಗ ಹಾಕಿಡುವುದು; ಬೇಕಾದಾಗ ಮಾತ್ರ ತೆರೆಯಬಹುದು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬರುವ ಖಾತೆಗೆ ಇದನ್ನು ಮೊದಲು ಮಾಡಿ. 2023ರ ಆಗಸ್ಟ್‌ನಲ್ಲಿ ಆ ಯೋಜನೆ ಆರಂಭವಾದ ಮೇಲೆ ನಮ್ಮ ಎಷ್ಟೋ ತಾಯಂದಿರು ಮೊದಲ ಬಾರಿಗೆ ತಮ್ಮ ಖಾತೆಯನ್ನು ಗಮನಿಸತೊಡಗಿದ್ದಾರೆ. ಹಣ ತೆಗೆಸಿಕೊಳ್ಳಲು ಹೋದಾಗ ‘ಬೆರಳು ತಗಲಲಿಲ್ಲ, ಇನ್ನೊಮ್ಮೆ ಇಡಿ’ ಎಂದರೆ ಚೀಟಿಯನ್ನು ಕೇಳಿ ಪಡೆಯಿರಿ. ಎರಡು ಸಲ ಇಟ್ಟ ಬೆರಳಿಗೆ ಎರಡು ಸಲ ಹಣ ಹೋಗಿರಬಾರದಲ್ಲ.

ಇನ್ನು ಆಧಾರ್ ಪ್ರತಿಯ ವಿಷಯ. ಸಿಮ್ ಕೊಳ್ಳಲು, ಲಾಡ್ಜಿನಲ್ಲಿ ಉಳಿಯಲು, ಯಾವುದೋ ಸಾಲದ ಏಜೆಂಟನಿಗೆ ನಾವು ಜೆರಾಕ್ಸ್ ಪ್ರತಿಯನ್ನು ಮದುವೆಯ ಆಮಂತ್ರಣ ಪತ್ರಿಕೆ ಹಂಚುವಂತೆ ಹಂಚುತ್ತೇವೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ‘ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ದುರುಪಯೋಗವಾದೀತು’ ಎಂಬ ಅರ್ಥದ ಎಚ್ಚರಿಕೆ ಕೊಟ್ಟಿತು. ಎರಡೇ ದಿನಗಳಲ್ಲಿ ಸರಕಾರ ಆ ಎಚ್ಚರಿಕೆಯನ್ನು ಹಿಂತೆಗೆದುಕೊಂಡಿತು. ಜನ ತಪ್ಪು ತಿಳಿದಾರೆಂಬುದು ಕೊಟ್ಟ ಕಾರಣ. ನಿಜ ಹೇಳುವುದಾದರೆ ಹಿಂತೆಗೆದುಕೊಂಡ ಆ ಎಚ್ಚರಿಕೆಯೇ ಸರಿಯಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ಮೊದಲ ಎಂಟು ಅಂಕಿಗಳನ್ನು ಮರೆಮಾಚಿದ ಆಧಾರ್ ಪ್ರತಿ ಸಿಗುತ್ತದೆ, ಸಾಧ್ಯವಿರುವಲ್ಲೆಲ್ಲ ಅದನ್ನೇ ಕೊಡಿ.

ಖಾಸಗಿತನವೆಂಬುದು ಶ್ರೀಮಂತರ ಹವ್ಯಾಸವೆಂದು ತಿಳಿದವರು ನಮ್ಮಲ್ಲಿದ್ದಾರೆ. ಬಾಗಿಲು ತಟ್ಟಿ, ಅನುಮತಿ ಪಡೆದು ಒಳಗೆ ಹೋಗಬೇಕೆಂಬ ಶಿಷ್ಟಾಚಾರ ಕಲಿತ ಸಮುದಾಯಕ್ಕೆ ಈ ಮಾತು ಶೋಭಿಸದು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ಅವರು ತೀರಿಕೊಂಡಾಗ ಎಷ್ಟು ಮಂದಿಗೆ ಅವರ ಋಣದ ನೆನಪಾಯಿತೋ ತಿಳಿಯದು.

ಆ ತೀರ್ಪಿನ ಬೆನ್ನಲ್ಲಿ ಆರು ವರ್ಷ ತಡವಾಗಿ, 2023ರಲ್ಲಿ, ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಬಂತು. ಅದರ ನಿಯಮಗಳು ಹೊರಬಂದುದು 2025ರ ನವೆಂಬರ್‌ನಲ್ಲಿ, ಅದೂ ಹಂತಹಂತವಾಗಿ ಜಾರಿಯಾಗುವಂತೆ. ನಮ್ಮ ವಿವರಗಳನ್ನು ಕಾಪಾಡದ ಕಂಪೆನಿಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದೆಂದು ಅದು ಹೇಳುತ್ತದೆ. ಕೇಳಲು ಇಂಪಾಗಿದೆ. ಆದರೆ ಆ ದಂಡ ಸೇರುವುದು ಸರಕಾರದ ಖಜಾನೆಗೆ. ಹಣ ಕಳೆದುಕೊಂಡ ಖಾಲಾರ ಕೈಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಸರಕಾರ ತನ್ನ ಸಂಸ್ಥೆಗಳಿಗೆ ಈ ಕಾನೂನಿನಿಂದ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರವನ್ನೂ ಇಟ್ಟುಕೊಂಡಿದೆ. ಬೆರಳ ಗುರುತು ಸೋರಿದ್ದು ಸರಕಾರಿ ಜಾಲತಾಣದಿಂದಲೇ ಎಂಬುದನ್ನು ಇಲ್ಲಿ ಮತ್ತೆ ನೆನಪಿಸಬೇಕಾಗುತ್ತದೆ.

ಈಗ ಭಯದ ಇನ್ನೊಂದು ಮುಖ. ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರನ್ನು ನೀವು ಕೇಳಿರುತ್ತೀರಿ. ಸಮವಸ್ತ್ರ ಧರಿಸಿದವನೊಬ್ಬ ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್‌ನಿಂದ ಉಗ್ರರಿಗೆ ಹಣ ಹೋಗಿದೆ’ ಎನ್ನುತ್ತಾನೆ. ಕರೆ ಕಡಿಯಬಾರದು, ಯಾರಿಗೂ ಹೇಳಬಾರದು ಎಂದು ಅಪ್ಪಣೆ ಮಾಡುತ್ತಾನೆ. ಪರಿಶೀಲನೆಗೆಂದು ಖಾತೆಯಲ್ಲಿದ್ದುದನ್ನೆಲ್ಲ ವರ್ಗಾಯಿಸಿಕೊಳ್ಳುತ್ತಾನೆ. ನಿವೃತ್ತ ಅಧಿಕಾರಿಗಳು, ವೈದ್ಯರೂ ಇದಕ್ಕೆ ಬಲಿಯಾಗಿದ್ದಾರೆ. ಆದರೆ ಅಂತಹ ಕರೆ ನಮ್ಮ ಮನೆಗೆ ಬಂದರೆ ಆ ‘ಉಗ್ರರು’ ಎಂಬ ಒಂದು ಪದಕ್ಕೆ ಎಂತಹ ಬಲವಿದೆಯೆಂಬುದನ್ನು ನಾವು ಬಲ್ಲೆವು. ಹೆಸರಿನ ಕಾರಣಕ್ಕೆ ಬಾಡಿಗೆ ಮನೆ ಸಿಗದವರಿಗೆ, ಹೆಸರಿನ ಕಾರಣಕ್ಕೆ ಸಂಶಯಕ್ಕೊಳಗಾದವರನ್ನು ಕಂಡವರಿಗೆ, ಈ ಸುಳ್ಳು ಸುಳ್ಳೆಂದು ತೋರುವುದಿಲ್ಲ. ಕಳ್ಳನು ನಮ್ಮ ಗಾಯವನ್ನು ತಿಳಿದುಕೊಂಡೇ ಅದರ ಮೇಲೆ ಬೆರಳಿಡುತ್ತಾನೆ.

ಆದುದರಿಂದ ಇದನ್ನು ಮಕ್ಕಳಿಗೂ ಹಿರಿಯರಿಗೂ ಸ್ಪಷ್ಟವಾಗಿ ತಿಳಿಸಿ. ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿ ಇಲ್ಲ. ವಿಡಿಯೋ ಕರೆಯಲ್ಲಿ ವಿಚಾರಣೆ ನಡೆಸಿ ಹಣ ಕೇಳುವ ಪೊಲೀಸ್ ಇಲ್ಲ, ಸಿ.ಬಿ.ಐ. ಇಲ್ಲ, ನ್ಯಾಯಾಲಯ ಇಲ್ಲ. ಸುಪ್ರೀಮ್ ಕೋರ್ಟು 2025ರಲ್ಲಿ ಈ ವಂಚನೆಯನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು, ಡಿಸೆಂಬರ್‌ನಲ್ಲಿ ತನಿಖೆಯನ್ನು ಸಿ.ಬಿ.ಐ.ಗೆ ವಹಿಸಿತು. ‘ಯಾರಿಗೂ ಹೇಳಬೇಡ’ ಎಂದು ಒಬ್ಬನು ಹೇಳಿದೊಡನೆ ಅವನು ಕಳ್ಳನೆಂದು ತಿಳಿದು ಕರೆ ಕಡಿಯಿರಿ.

ಭಯದಂತೆ ಭಕ್ತಿಯನ್ನೂ ಅವರು ಬಳಸಿಕೊಳ್ಳುತ್ತಾರೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳು ಕಳೆದುಕೊಂಡದ್ದು ‘ಹಲಾಲ್’ ಎಂಬ ಮಾತನ್ನು ನಂಬಿ. ಅದೇ ಮಾತು ಈಗ ವಾಟ್ಸ್‌ಆ್ಯಪ್‌ನಲ್ಲಿ ಅಲೆಯುತ್ತಿದೆ. ಅಗ್ಗದ ಉಮ್ರಾ, ಹಲಾಲ್ ಹೂಡಿಕೆ ಎಂದು. ಶಾದಿ ಕಾರ್ಡಿನ ರೂಪದಲ್ಲಿ ಎ.ಪಿ.ಕೆ. ಎಂಬ ಕಡತವೂ ಬರುತ್ತದೆ. ಅದನ್ನು ತೆರೆದು ಹಾಕಿಕೊಂಡರೆ ನಿಮಗೆ ಬರುವ ಒ.ಟಿ.ಪಿ. ಸಂದೇಶಗಳನ್ನೆಲ್ಲ ಬೇರೊಬ್ಬನು ಓದತೊಡಗುತ್ತಾನೆ. ಆಮಂತ್ರಣವೆಂದರೆ ಚಿತ್ರ ಅಥವಾ ಪಿ.ಡಿ.ಎಫ್. ಆಗಿರುತ್ತದೆ, ಆ್ಯಪ್ ಆಗಿರುವುದಿಲ್ಲ.

ಖರೀದಿ ಮಾಡುವವರಿಗೆ ಕೆಲವು ಮಾತು. ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್‌ನಲ್ಲಿ ಹುಡುಕಲೇಬೇಡಿ, ವಸ್ತು ಕೊಂಡ ಆ್ಯಪಿನ ಒಳಗೇ ಸಹಾಯದ ಪುಟವಿರುತ್ತದೆ. ಕಾರ್ಡಿನ ಪೂರ್ತಿ ಸಂಖ್ಯೆಯನ್ನು ಮಾರಾಟಗಾರರು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲವೆಂಬ ನಿಯಮ 2022ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಆದುದರಿಂದ ಯಾರಾದರೂ ಕಾರ್ಡಿನ ಎರಡೂ ಬದಿಯ ಫೋಟೋ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಪಾರ್ಸೆಲ್ ಮೇಲೆ ಅಂಟಿಸಿದ ಚೀಟಿಯಲ್ಲಿ ನಿಮ್ಮ ಹೆಸರು, ವಿಳಾಸ, ಮೊಬೈಲ್ ನಂಬರುಗಳಿರುತ್ತವೆ, ಹರಿದು ಹಾಕಿ. ಕೌಲ್ ಬಜಾರಿನಲ್ಲಿ ಕುಳಿತು ಫೋನಿನ ಮೇಲೆಯೇ ಹೊರರಾಜ್ಯದ ಆರ್ಡರ್ ಪಡೆಯುವ ಜೀನ್ಸ್ ವ್ಯಾಪಾರಿ ಸಹೋದರರು ಒಂದನ್ನು ಗಟ್ಟಿ ಮಾಡಿಕೊಳ್ಳಬೇಕು: ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ, ಕ್ಯೂ.ಆರ್. ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ. ಗಿರಾಕಿ ಕಳುಹಿಸಿದ ಸ್ಕ್ರೀನ್‌ಶಾಟ್ ನೋಡಿ ಸರಕು ಬಿಡಬೇಡಿ, ಖಾತೆಯನ್ನೇ ತೆರೆದು ನೋಡಿ.

ಕಳ್ಳರೆಲ್ಲ ಬೇರೆ ರಾಜ್ಯದವರು ಎಂದು ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕದ್ದ ಹಣ ಇಳಿಯಲು ಯಾರದೋ ಖಾತೆ ಬೇಕಲ್ಲವೇ? ಕೆಲವು ಸಾವಿರ ರೂಪಾಯಿ ಕಮಿಷನ್‌ಗಾಗಿ ಪಾಸ್‌ಬುಕ್, ಸಿಮ್, ಎ.ಟಿ.ಎಂ. ಕಾರ್ಡುಗಳನ್ನು ಬಾಡಿಗೆಗೆ ಕೊಡುವ ಯುವಕರು ಎಲ್ಲ ಊರುಗಳಲ್ಲೂ ಇದ್ದಾರೆ. ಬಡತನ, ನಿರುದ್ಯೋಗ ಇದಕ್ಕೆ ಕಾರಣವಿರಬಹುದು, ಸಮರ್ಥನೆಯಾಗದು. ಆ ಖಾತೆಗೆ ಬೀಳುವ ಹಣ ಯಾರೋ ವಿಧವೆಯದೋ, ಯಾರೋ ರೈತನದೋ ಆಗಿರುತ್ತದೆ. ಮುಖ್ಯ ಆರೋಪಿ ಕೈಗೆ ಸಿಗದಿದ್ದರೂ ಖಾತೆದಾರನ ಹೆಸರು, ವಿಳಾಸ, ಫೋಟೋ ಬ್ಯಾಂಕಿನಲ್ಲೇ ಇರುತ್ತದೆ. ಪೊಲೀಸರು ಮೊದಲು ಬರುವುದು ಅವನ ಬಾಗಿಲಿಗೆ. ಮಗನ ಕೈಯಲ್ಲಿ ದಿಢೀರನೆ ಹಣ ಕಂಡರೆ ತಂದೆ ವಿಚಾರಿಸಬೇಕು.

ಹಣ ಹೋದ ಕೂಡಲೇ ಮಾಡಬೇಕಾದ ಕೆಲಸವನ್ನು ಈಗ ಹೇಳುತ್ತೇವೆ. 1930 ಎಂಬ ನಂಬರಿಗೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಸಹಾಯವಾಣಿ. ದೂರು ದಾಖಲಾದರೆ ಹಣ ಯಾವ ಖಾತೆಗೆ ಇಳಿದಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಕಳ್ಳನು ಅದನ್ನು ಇನ್ನೂ ತೆಗೆದಿರದಿದ್ದರೆ ತಡೆಹಿಡಿಯುತ್ತಾರೆ. ಒಂದು ಖಾತೆಯಿಂದ ಹತ್ತು ಖಾತೆಗೆ ಹಂಚಿಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಆದುದರಿಂದಲೇ ಮೊದಲ ಒಂದೆರಡು ಗಂಟೆಗಳಿಗೆ ಅಷ್ಟು ಬೆಲೆ. ಹೋದ ಮೊತ್ತ, ಸಮಯ, ಬ್ಯಾಂಕಿನ ಹೆಸರು, ಸಂದೇಶದಲ್ಲಿರುವ ವಹಿವಾಟಿನ ಸಂಖ್ಯೆ ಇವನ್ನು ಕೈಯಲ್ಲಿಟ್ಟುಕೊಂಡು ಮಾತನಾಡಿ, ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಅನಂತರ ಬ್ಯಾಂಕಿಗೆ ತಿಳಿಸಿ ಸ್ವೀಕೃತಿ ಪಡೆಯಿರಿ. ಸಿರುಗುಪ್ಪ, ಕುರುಗೋಡುಗಳಿಂದ ಬಂದ ಸಹೋದರರು ‘ಬಳ್ಳಾರಿಯ ಸಿ.ಇ.ಎನ್. ಠಾಣೆಗೆ ನಾಳೆ ಬಸ್ಸು ಹಿಡಿದು ಹೋಗೋಣ’ ಎಂದು ರಾತ್ರಿ ಕಳೆಯಬೇಡಿ. ಕರೆಯನ್ನು ಮನೆಯಿಂದಲೇ ಮಾಡಬಹುದು, ಠಾಣೆಗೆ ಬೆಳಗ್ಗೆ ಹೋದರಾಯಿತು. ತಡೆಹಿಡಿದ ಹಣ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು, ಪೂರ್ತಿ ಬರುತ್ತದೆಂಬ ಭರವಸೆಯನ್ನೂ ನಾವು ಕೊಡಲಾರೆವು.

ಆದರೆ ಆ ಕರೆಯನ್ನು ಮಾಡುವುದಕ್ಕೆ ಮೊದಲು ಆಕೆ ಇನ್ನೊಂದು ಬಾಗಿಲನ್ನು ದಾಟಬೇಕು. ಆ ಬಾಗಿಲಲ್ಲಿ ನಿಂತಿರುವವರು ನಾವು ಗಂಡಸರು. ಪತ್ನಿಯ ಖಾತೆಯ ಪಿನ್ ಮಗನಿಗೆ ಗೊತ್ತು, ಅಳಿಯನಿಗೆ ಗೊತ್ತು, ಓಣಿಯ ಅಂಗಡಿಯವನಿಗೂ ಗೊತ್ತು, ಆಕೆಗೆ ಮಾತ್ರ ಗೊತ್ತಿಲ್ಲ. ಇದನ್ನು ರಕ್ಷಣೆಯೆಂದು ಕರೆಯುತ್ತೇವೆ. ಅದೇ ಆಕೆ ಒಮ್ಮೆ ತಪ್ಪಿದರೆ ‘ಮೊಬೈಲ್ ಕೊಟ್ಟಿದ್ದೇ ತಪ್ಪಾಯಿತು’ ಎನ್ನುತ್ತೇವೆ. ಎರಡು ಲಕ್ಷ ರೂಪಾಯಿಯನ್ನು ಶೇರು ಆ್ಯಪಿನಲ್ಲಿ ಕಳೆದುಕೊಂಡ ಗಂಡಸು ಮನೆಯಲ್ಲಿ ಅದನ್ನು ಹೇಳುವುದೂ ಇಲ್ಲ, ಅವನ ಮೊಬೈಲನ್ನು ಯಾರೂ ಕಸಿದುಕೊಳ್ಳುವುದೂ ಇಲ್ಲ. ಪತ್ನಿಯ ಹಣ ಪತ್ನಿಯದು, ಗಂಡನಿಗೆ ಅದರ ಮೇಲೆ ಹಕ್ಕಿಲ್ಲವೆಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವವರು ನಾವು. ಹಾಗಿದ್ದರೆ ಆ ಹಣದ ಕೀಲಿಯೂ ಆಕೆಯ ಬಳಿಯೇ ಇರಬೇಕಲ್ಲವೇ? ಇಂದು ರಾತ್ರಿ ಮನೆಗೆ ಹೋಗಿ ಪಿನ್ ಬದಲಾಯಿಸಲು ಆಕೆಗೆ ಹೇಳಿಕೊಡಿ, ಆಕೆ ಒತ್ತುವಾಗ ಮುಖ ಆ ಕಡೆ ತಿರುಗಿಸಿಕೊಳ್ಳಿ. ಹಣ ಹೋದರೆ ಬೈಯುವುದಿಲ್ಲವೆಂದು ಈಗಲೇ, ಏನೂ ಹೋಗದಿರುವಾಗಲೇ, ಬಾಯಿ ಬಿಟ್ಟು ಹೇಳಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಆಕೆಗೆ ತಿಳಿಯುವುದಿಲ್ಲ.

ಆ ಖಾಲಾರ ಮಗಳು ಆ ವರ್ಷ ಕಾಲೇಜಿಗೆ ಸೇರಿದಳು. ತಂದೆ ಕೈಸಾಲ ತಂದು ಶುಲ್ಕ ಕಟ್ಟಿದರು. ಖಾಲಾರ ಹಣದಲ್ಲಿ ಒಂದು ರೂಪಾಯಿಯೂ ಹಿಂದಿರುಗಲಿಲ್ಲ, ಹನ್ನೊಂದು ದಿನಗಳಲ್ಲಿ ಅದು ಎಲ್ಲೆಲ್ಲಿಗೋ ಹೋಗಿಬಿಟ್ಟಿತ್ತು. ಮೊಬೈಲನ್ನು ಯಾರೂ ಕಸಿದುಕೊಳ್ಳಲಿಲ್ಲ. ಈಗ ಅವರ ಓಣಿಯಲ್ಲಿ ಯಾರಿಗಾದರೂ ಅನುಮಾನದ ಕರೆ ಬಂದರೆ ಮೊದಲು ಅವರ ಮನೆಗೇ ಓಡಿ ಬರುತ್ತಾರೆ; 1930 ಒತ್ತಿಕೊಡುವವರು ಅವರೇ.

ಮಗ್ರಿಬ್‌ಗೆ ಇನ್ನೂ ಅರ್ಧ ಗಂಟೆಯಿದೆ. ಎಂ-ಆಧಾರ್‌ನಲ್ಲಿ ಬೀಗ ಹಾಕುವುದನ್ನು ತೋರಿಸಿಕೊಡಲು ನಾಲ್ವರು ಯುವಕ ಯುವತಿಯರು ಹಿಂದಿನ ಮೇಜಿನ ಬಳಿ ಕುಳಿತಿದ್ದಾರೆ. ನಿಮ್ಮ ಪಿನ್ ಅಥವಾ ಒ.ಟಿ.ಪಿ.ಯನ್ನು ಅವರಿಗೂ ಹೇಳಬೇಡಿ. ಪ್ರಶ್ನೆಗಳನ್ನು ಸಹೋದರಿಯರ ಕಡೆಯಿಂದ ಆರಂಭಿಸೋಣ.